ರೋಜನಾಮಾ ಓದುವ ಗೂಳಪ್ಪನವರು

ನಮ್ಮ ಆಫೀಸಿನಲ್ಲಿ ಕರಿ ಕೋಟು ಹಾಕುವವಳು ನಾನು, ಅಪೀಲು ಗೊತ್ತಿರುವುದು ಗುಮಾಸ್ತ ಗೂಳಪ್ಪನವರಿಗೆ. ಇದನ್ನು ಒಪ್ಪಿಕೊಳ್ಳಲು ನನಗೆ ನಾಲ್ಕು ವರ್ಷ ಹಿಡಿಯಿತು. ಜೊತೆಗೆ ನನ್ನದೇ ಒಂದು ದೊಡ್ಡ ತಪ್ಪೂ ಬೇಕಾಯಿತು.

ಗೂಳಪ್ಪನವರು ಇಂಡಿ ಕಡೆಯವರು. ಪುಣೆಗೆ ಬಂದು ಮೂವತ್ತೆರಡು ವರ್ಷ, ಅಷ್ಟೂ ವರ್ಷ ವಕೀಲರ ಹತ್ತಿರವೇ ದುಡಿದವರು. ಹತ್ತನೆಯ ತರಗತಿಯಾಚೆ ಓದಿಲ್ಲ. ಹಡಪಸರದಿಂದ ಎರಡು ಬಸ್ಸು ಬದಲಿಸಿ ಸದಾಶಿವ ಪೇಠದ ಆಫೀಸಿಗೆ ನನಗಿಂತ ಒಂದು ತಾಸು ಮೊದಲೇ ಬಂದಿರುತ್ತಾರೆ. ನಾನು ಉಡುಪಿ ಹೋಟೆಲಿನವರ ಮಗಳು. ನನ್ನ ಮಾತು ಕೇಳಿದರೆ ಅವರಿಗೆ ನಗು. "ಜ್ಯೋತ್ಸ್ನಾ ಮೇಡಂ, ನಿಮ್ಮದು ಪುಸ್ತಕದಾಗಿನ ಕನ್ನಡ ಬಿಡ್ರಿ," ಎನ್ನುತ್ತಾರೆ.

ಅಪೀಲಿಗೆಂದು ಬಂದವರು ಕೂತ ಕೂಡಲೇ ಕಥೆ ಶುರು ಮಾಡುತ್ತಾರೆ. ಕೆಳಗಿನ ಕೋರ್ಟಿನಲ್ಲಿ ಹೇಳಲು ಮರೆತದ್ದು, ಆಮೇಲೆ ಸಿಕ್ಕ ಕಾಗದ, ಹೊಸ ಸಾಕ್ಷಿ. ಗೂಳಪ್ಪನವರು ಎಲ್ಲ ಕೇಳಿಸಿಕೊಂಡು, ನೀರು ಕೊಟ್ಟು, ಹೇಳುವುದು ಒಂದೇ ಮಾತು. "ಮ್ಯಾಲಿನ ಕೋರ್ಟ್ ನಿಮ್ಮ ಮಾರಿ ನೋಡಾಂಗಿಲ್ರಿ, ಫೈಲ್ ನೋಡತದ. ಅದರಾಗ ಇದ್ದದ್ದನ್ನ ಕೆಳಗಿನ ಸಾಹೇಬ್ರು ಸರಿಯಾಗಿ ತೂಗ್ಯಾರೋ ಇಲ್ಲೋ, ಅಷ್ಟ."

ಕಳೆದ ವರ್ಷ ಬಸವಣ್ಣೆವ್ವ ಬಂದರು. ಪೇಠದ ಹಳೆಯ ವಾಡೆಯೊಂದರಲ್ಲಿ ಬಾಡಿಗೆಗೆ ಜೋಳದ ರೊಟ್ಟಿಯ ಖಾನಾವಳಿ ನಡೆಸುವ ವಿಧವೆ. ಬಾಡಿಗೆ ಜಾಗವನ್ನು ಸತತ ಆರು ತಿಂಗಳು ಬಳಸದೆ ಬಿಟ್ಟರೆ ಮಾಲೀಕ ಬಿಡಿಸಬಹುದು ಎಂಬುದು ಇಲ್ಲಿಯ ಕಾನೂನು. ಕೈ ಮುರಿದುಕೊಂಡ ವರ್ಷ ಅವರು ಮುಂಬಾಗಿಲಿಗೆ ಬೀಗ ಹಾಕಿ, ಒಬ್ಬ ಹೆಂಗಸನ್ನು ಜೊತೆಗಿಟ್ಟುಕೊಂಡು, ಹಿಂಬಾಗಿಲಿನಿಂದ ಊಟದ ಡಬ್ಬಿ ಮಾತ್ರ ಕೊಡುತ್ತಿದ್ದರು. ಮಾಲೀಕನಿಗೆ ಆ ಬೀಗವೇ ಸಾಕಾಯಿತು. ಎದುರಿನ ಅಂಗಡಿಯ ಕುಶಲ ಎಂಬವನು "ಆರು ತಿಂಗಳು ಬೀಗ ಇತ್ತು" ಎಂದು ಸಾಕ್ಷಿ ಹೇಳಿದ. ತೀರ್ಪು ಮಾಲೀಕನ ಕಡೆಗಾಯಿತು. ಜಾಗ ಖಾಲಿ ಮಾಡಲು ಮೂರು ತಿಂಗಳ ಗಡುವು. ಮೂವತ್ತು ದಿನದೊಳಗೆ ಅಪೀಲು ಹಾಕಬೇಕು.

"ಕುಶಲ ಒಪ್ಪಿಕೊಂಡಾನ್ರಿ," ಎಂದರು ಬಸವಣ್ಣೆವ್ವ. "ಹಿಂದಿನ ಬಾಗಲದಿಂದ ದಿನಾ ಡಬ್ಬಿ ಒಯ್ತಿದ್ದೆ ಅಂತ ಕೋರ್ಟಿನಾಗ ಹೇಳ್ಯಾನ. ನಾ ಅಲ್ಲೇ ನಿಂತಿದ್ದೆ."

ನಾನು ಕೋರ್ಟಿನಿಂದ ತರಿಸಿದ್ದ ಕಡತದ ನಕಲಿನಲ್ಲಿ ಕುಶಲನ ಹೇಳಿಕೆ ಇತ್ತು, ಹತ್ತು ಸಾಲಿನ ಪಾಟೀಸವಾಲೂ ಇತ್ತು. ಡಬ್ಬಿಯ ಸುದ್ದಿಯೇ ಇರಲಿಲ್ಲ. 'ಪಾಟೀಸವಾಲಿನಲ್ಲಿ ಈ ಸಾಕ್ಷಿ ಅಲುಗಾಡಿಲ್ಲ' ಎಂದು ತೀರ್ಪಿನಲ್ಲೂ ಬರೆದಿತ್ತು. ಅವರ ಹಳೆಯ ವಕೀಲರನ್ನು ಕೇಳೋಣವೆಂದರೆ ಅವರು ತೀರಿಕೊಂಡಿದ್ದರು. ನಾನು ರೇಗಿದೆ. "ಹಾಗೆ ಎಲ್ಲಿಯೂ ಬರೆದಿಲ್ಲ ಮಾರಾಯ್ರೆ. ಬರೆಯದ್ದನ್ನು ನಾನು ಹೇಗೆ ಹೇಳುವುದು?" ಆ ತಾಯಿ ಸೆರಗು ಸರಿಮಾಡಿಕೊಂಡು ಎದ್ದರು.

ಗೂಳಪ್ಪನವರು ಮಾತ್ರ ಅಷ್ಟಕ್ಕೆ ಬಿಡಲಿಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುವ ಜಾತಿಯ ಮನುಷ್ಯ ಅವರು. ಪ್ರತಿ ತಾರೀಖಿಗೆ ಕೋರ್ಟಿನಲ್ಲಿ ಏನು ನಡೆಯಿತೆಂದು ಬರೆದಿಡುವ ದಿನಚರಿಗೆ ಇಲ್ಲಿ ರೋಜನಾಮಾ ಎನ್ನುತ್ತಾರೆ. ಯಾರೂ ಓದದ, ಬರೀ ತಾರೀಖು ತುಂಬಿದ ಬೇಸರದ ಕಾಗದ. ಗೂಳಪ್ಪನವರು ಅದರ ನಕಲನ್ನೂ ತರಿಸಿದರು. ಒಂದೊಂದು ತಾರೀಖು ಓದುವುದು, ಆ ದಿನದ ಕಾಗದ ನಮ್ಮ ಕಟ್ಟಿನಲ್ಲಿದೆಯೇ ನೋಡುವುದು, ಕೆಂಪು ಪೆನ್ಸಿಲಿನಿಂದ ಗುರುತು ಹಾಕುವುದು. ಏಳು ವರ್ಷದ ದಾವೆ, ನೂರ ಹನ್ನೊಂದು ತಾರೀಖು. ಮೂರನೆಯ ದಿನ ನನ್ನ ಮೇಜಿನ ಮುಂದೆ ನಿಂತರು.

"ಮೇಡಂ, ಜುಲೈ ಹದಿನಾಲ್ಕಕ್ಕ ಕುಶಲನ ಉಳಿದ ಪಾಟೀಸವಾಲು ಮುಗೀತು ಅಂತ ಬರದದ. ಆ ಹಾಳಿ ಎಲ್ಲಿ ಅದ?"

ನಾನು ಕಟ್ಟನ್ನು ಮತ್ತೊಮ್ಮೆ ತಿರುವಿದೆ, ಹಾಳೆ ಇರಲಿಲ್ಲ. ದಾಖಲೆಗಳ ಪಟ್ಟಿ ನೋಡಿ, ಅದರಲ್ಲಿದ್ದಷ್ಟಕ್ಕೇ ನಕಲು ಕೇಳಿದವಳು ನಾನು. ಬೇರೆ ದಿನ ಬರೆದುಕೊಂಡ ಹಾಳೆ ಬೇರೆ ಕಡೆ ಹೋಗಿರಬಹುದೆಂದು ನನಗೆ ಹೊಳೆಯಲೇ ಇಲ್ಲ. ಗೂಳಪ್ಪನವರು ಮೂಲ ಕಡತ ನೋಡಲು ಅರ್ಜಿ ಹಾಕಿ, ದಾಖಲೆ ಕೋಣೆಯಲ್ಲಿ ಎರಡು ದಿನ ನಿಂತರು. ಆ ಹಾಳೆ ತಡೆಯಾಜ್ಞೆ ಅರ್ಜಿಯ ಕಟ್ಟಿನ ನಡುವೆ ಹೊಲಿದುಹೋಗಿತ್ತು. ಸಾಕ್ಷಿಯ ಸಹಿ, ಅಂದಿನ ನ್ಯಾಯಾಧೀಶರ ಸಹಿ ಎರಡೂ ಇದ್ದವು. ಎಂದೂ ರಿಕ್ಷಾ ಹತ್ತದ ಮನುಷ್ಯ ಅಂದು ರಿಕ್ಷಾದಲ್ಲಿ ಬಂದರು. ಗಡುವಿಗೆ ನಾಲ್ಕು ದಿನ ಉಳಿದಿರುವಾಗ ಅಪೀಲು ಹಾಕಿದೆವು, ಖಾಲಿ ಮಾಡಿಸುವುದಕ್ಕೆ ತಡೆಯೂ ಸಿಕ್ಕಿತು.

ವಾದದ ದಿನ ಮಾಲೀಕನ ವಕೀಲರು ಗಟ್ಟಿಯಾಗಿಯೇ ನಿಂತರು. ಸಾಕ್ಷಿಯನ್ನು ಕಣ್ಣಾರೆ ಕಂಡವರು ಕೆಳಗಿನ ನ್ಯಾಯಾಧೀಶರು, ಅವರ ಮಾತನ್ನು ಸುಲಭಕ್ಕೆ ತೆಗೆದುಹಾಕಬಾರದು ಎಂದರು. ಮಾತು ಸರಿಯೇ. ಆದರೆ ಕುಶಲನನ್ನು ಕಂಡ ನ್ಯಾಯಾಧೀಶರಿಗೆ ವರ್ಗವಾಗಿತ್ತು, ತೀರ್ಪು ಬರೆದವರು ಆಮೇಲೆ ಬಂದವರು. ಅವರ ತೀರ್ಪಿನಲ್ಲಿ ಜುಲೈ ಹದಿನಾಲ್ಕರ ಹಾಳೆಯ ಒಂದು ಅಕ್ಷರವೂ ಇಲ್ಲ ಎಂದೆ. ಅಪೀಲು ನ್ಯಾಯಾಧೀಶೆ ಮೂಲ ಕಡತ ತರಿಸಿ ತಾವೇ ಪುಟ ತಿರುವಿದರು. ಕುಶಲನ ಉತ್ತರವನ್ನು ಮರಾಠಿಯಲ್ಲಿ ನಿಧಾನವಾಗಿ ಓದಿದರು: ಹೌದು, ಆ ಆರು ತಿಂಗಳೂ ನಾನು ಹಿಂಬಾಗಿಲಿನಿಂದ ದಿನವೂ ಡಬ್ಬಿ ತೆಗೆದುಕೊಂಡು ಹೋಗುತ್ತಿದ್ದೆ. ಹಿಂದಿನ ಸಾಲಿನಲ್ಲಿ ನಿಂತಿದ್ದ ಗೂಳಪ್ಪನವರು ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು.

ಮೂರು ವಾರಕ್ಕೆ ತೀರ್ಪು ಬಂತು. ಅಪೀಲು ಪುರಸ್ಕರಿಸಿ, ಮಾಲೀಕನ ದಾವೆಯನ್ನು ವಜಾ ಮಾಡಿದ್ದರು. ಹೊರಗಿನ ಪಡಸಾಲೆಯಲ್ಲಿ ನಾನು ಬಸವಣ್ಣೆವ್ವನವರ ಕೈ ಹಿಡಿದು, ಅಂದು ರೇಗಿದ್ದು ನನ್ನ ತಪ್ಪು ಎಂದೆ. ನಿಜಕ್ಕೂ ನಾಚಿಕೆಯಾಗಿತ್ತು. "ಇರ್ಲಿ ಬಿಡವಾ," ಎಂದವರ ಮುಖದಲ್ಲಿ ಇನ್ನೂ ಗೆಲುವು ಬಂದಿರಲಿಲ್ಲ. ಗೂಳಪ್ಪನವರ ಕಡೆ ತಿರುಗಿದರು.

"ಅಣ್ಣಾರ, ಮಾಲಕ ಇನ್ನೂ ಮ್ಯಾಲಿನ ಕೋರ್ಟಿಗೆ ಹೋದ್ರ?"

"ಹೋಗ್ಲಿ ಬಿಡ್ರಿ ಅಕ್ಕಾರ. ಎಷ್ಟು ಮ್ಯಾಲ ಹೋದ್ರೂ ಅಲ್ಲಿ ಇದೇ ಹಾಳಿ ಓದಬೇಕಲ್ರಿ. ಈಗ ಅದು ಕಳ್ಯಾಂಗಿಲ್ಲ."

ಬಸವಣ್ಣೆವ್ವ ಅಲ್ಲೇ ಬೆಂಚಿನ ಮೇಲೆ ಕೂತು ಅತ್ತರು.