ಕೆರೆದು ಉಳಿದ ಗುಡಿ

ಶಹಾಪುರದ ಶಾಲೆಯೊಂದರಲ್ಲಿ ನಾನು ಚಿತ್ರಕಲಾ ಶಿಕ್ಷಕಿ. ಮನೆಯ ಹಿಂದೆ ತಗಡು ಹೊದಿಸಿದ ಪತ್ರಾಸಿನ ಕೋಣೆಯಲ್ಲಿ ನನ್ನದೊಂದು ಸಣ್ಣ ಅಚ್ಚಿನ ಯಂತ್ರವಿದೆ. ಸತುವಿನ ತಗಡಿನ ಮೇಲೆ ಮೇಣದಂಥ ಲೇಪ ಹಚ್ಚಿ, ಸೂಜಿಯಿಂದ ಗೀರಿ, ಆಸಿಡ್‌ನಲ್ಲಿ ಇಟ್ಟರೆ ಗೀರಿದ ಜಾಗವನ್ನಷ್ಟೇ ಅದು ಕೊರೆಯುತ್ತದೆ. ಅದರೊಳಗೆ ಮಸಿ ತುಂಬಿ, ಒದ್ದೆ ಕಾಗದ ಹೊದಿಸಿ ಒತ್ತಿದರೆ ಚಿತ್ರ.

ಹೋದ ಬೇಸಿಗೆಯಲ್ಲಿ ಕೆಂಭಾವಿಯಿಂದ ಬಂದಿದ್ದ ನಮ್ಮ ಅತ್ತೆಯನ್ನು ಕರೆದುಕೊಂಡು ಶಿರವಾಳದ ಹಳೆಯ ಗುಡಿಗಳಿಗೆ ಹೋಗಿದ್ದೆ. ಒಂದು ಗುಡಿಯ ಕಂಬ, ಬಳ್ಳಿ, ಮೂರ್ತಿಗಳನ್ನೆಲ್ಲ ಬಿಡದೆ ಬರೆದುಕೊಂಡು ಬಂದು ತಗಡಿಗಿಳಿಸಿದೆ. ಮೊದಲ ಅಚ್ಚಿನಲ್ಲಿ ಒಂದು ಗೆರೆಯೂ ತಪ್ಪಿರಲಿಲ್ಲ. ಆದರೆ ಆ ಬಾಗಿಲ ಮುಂದೆ ನಿಂತಾಗ ನಮ್ಮಿಬ್ಬರ ಮಾತೂ ನಿಂತುಹೋಗಿತ್ತಲ್ಲ, ಅದು ಬಂದಿರಲಿಲ್ಲ.

ತಗಡಿನ ಮೇಲಿನ ಬಳ್ಳಿಗಳನ್ನು ಕೆರೆದು ತೆಗೆದೆ. ಅಚ್ಚು ಹಾಕಿ ನೋಡಿದೆ. ಮೂರ್ತಿಗಳನ್ನೂ ತೆಗೆದೆ.

ಅತ್ತೆ ಕೋಣೆಯ ಬಾಗಿಲಲ್ಲಿ ಕೂತು ನೋಡುತ್ತಿದ್ದರು. “ಇಷ್ಟ್ ಕಷ್ಟಪಟ್ಟು ಬರದಿದ್ದು ನೀನ ಅಳಸಾಕತ್ತಿಯಲ್ಲವ್ವಾ!”

“ಹೌದ್ರಿ ಅತ್ತಿ. ಹೆಚ್ಚಾಗ್ಯಾದ.”

“ಹೆಚ್ಚಾಗ್ಯಾದಂತ!” ಎಂದು ನಕ್ಕರು.

ಕೊನೆಗೆ ಕಂಬಗಳೂ ಹೋದವು. ಹೊಸ್ತಿಲಿನದೊಂದು ಗೆರೆ, ಅದರ ಮೇಲೆ ಒತ್ತೊತ್ತಾಗಿ ಗೀರಿದ ಕಪ್ಪು ಬಾಗಿಲು ಮಾತ್ರ ಉಳಿಯಿತು. ಹೋದದ್ದು ಮತ್ತೆ ಬರುವಂತಿರಲಿಲ್ಲ, ಅಂಜಿಕೆಯಾಗಿತ್ತು. ಕೆರೆದು ಕೆರೆದು ನನ್ನ ರಟ್ಟೆ ಸೋತಿದ್ದರಿಂದ ಅತ್ತೆಯೇ ಸೆರಗು ಸಿಕ್ಕಿಸಿಕೊಂಡು ಯಂತ್ರದ ಚಕ್ರ ತಿರುಗಿಸಿದರು.

ಕಾಗದದ ಅಂಚು ಹಿಡಿದು ಮೆಲ್ಲಗೆ ಎತ್ತಿದೆ. ಬಾಗಿಲ ಕಪ್ಪು ಹಿಂದಕ್ಕೆ, ಇನ್ನೂ ಹಿಂದಕ್ಕೆ ಹೋಗುತ್ತಿತ್ತು. ಸುತ್ತಲ ಬಿಳಿಯಲ್ಲಿ, ಪೂರ್ತಿ ಅಳಿಯದ ಕಂಬಗಳು ಇವೆಯೋ ಇಲ್ಲವೋ ಎಂಬಂತೆ ನಿಂತಿದ್ದವು. ಇದು ನನ್ನ ಕೈಯಿಂದ ಆದದ್ದೆಂದು ನಂಬಲೇ ಆಗಲಿಲ್ಲ.

ಅತ್ತೆ ಚಕ್ರ ಬಿಟ್ಟು ಬಂದು ಕಾಗದದ ಮೇಲೆ ಬಾಗಿದರು. ಆಮೇಲೆ ಗುಡಿಯೊಳಗೆ ಮಾತಾಡುವ ಹಾಗೆ ದನಿ ತಗ್ಗಿಸಿ, “ಒಳಗ ತಂಪದ, ಅಲ್ಲ?” ಅಂದರು.

“ಹೌದ್ರಿ” ಅಂದೆ.

ಇನ್ನೊಂದು ಅಚ್ಚು ತೆಗೆದು ಅವರಿಗೆ ಕೊಟ್ಟೆ. ಕೆಂಭಾವಿಯಲ್ಲಿ ಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕಿದ್ದಾರೆ. ಮೊನ್ನೆ ಫೋನಿನಲ್ಲಿ, “ಬಂದವರೆಲ್ಲಾ ಇದೇನಂತ ಕೇಳ್ತಾರವ್ವಾ” ಅಂದರು.

“ಏನಂತ ಹೇಳ್ತೀರಿ?”

“ಏನ್ ಹೇಳ್ಲಿ? ಅದರ ಮುಂದ ಸ್ವಲ್ಪ ಹೊತ್ತು ಕುಂಡರ್ರಿ ಅಂತೀನಿ.”

ಕೂರುತ್ತಾರಂತೆ.