ವಾಲದೆ ಹತ್ತಿದ ಏರು

ಕೊಂಡಾಪುರದ ಏರು ಹತ್ತುತ್ತಿದ್ದಾಗ ಫೋನ್ ರಿಂಗಾಯಿತು. ಸೈಕಲ್ ನಿಲ್ಲಿಸಿ ಎತ್ತಿದೆ. "ಅಕ್ಕಾ, ಎಲ್ಲಿ ಉಳಿದ್ರಿ? ನಾ ಮ್ಯಾಲ ನಿಂತು ಕಾಯಾಕತ್ತೀನಿ" ಎಂದಳು ಶಿವಲೀಲಾ. ರಾಯಚೂರಿನವಳು, ಪ್ರತಿ ಭಾನುವಾರ ನನ್ನ ಜೊತೆ ಸೈಕಲ್ ತುಳಿಯುವ ಗೆಳತಿ. ಆಗಷ್ಟೇ ನನ್ನನ್ನು ದಾಟಿ, ತಿರುಗಿಯೂ ನೋಡದೆ ಹೋದವಳು ಅವಳೇ.

ನನ್ನ ಎಡಗಾಲು ತುಸು ಗಿಡ್ಡ. ಅಂಗಡಿಯಲ್ಲಿ ಕೊಂಡ ಸೈಕಲ್‌ಗಳ ಮೇಲೆ ಪ್ರತಿ ತುಳಿತಕ್ಕೂ ಸೊಂಟ ಎಡಕ್ಕೆ ವಾಲುತ್ತಿತ್ತು. ಈ ಸಲ ರವಿಕೆಗೆ ಅಳತೆ ಕೊಡುವಂತೆ ಎರಡೂ ಕಾಲಿನ ಅಳತೆ ಬೇರೆಬೇರೆ ಕೊಟ್ಟು ಉಕ್ಕಿನ ರೋಡ್ ಸೈಕಲ್ ಮಾಡಿಸಿಕೊಂಡೆ. ಅಂದು ಅದರ ಮೊದಲ ಸವಾರಿ. ಹೈದರಾಬಾದಿನ ಹಾಳು ರಸ್ತೆಯ ಕುಲುಕಾಟ ಬೆನ್ನಿಗೆ ತಾಕಲಿಲ್ಲ. ಏರಿನಲ್ಲೂ ಸೈಕಲ್ ನೆಟ್ಟಗೆ ಹೋಯಿತು, ಅದರ ಮೇಲೆ ನಾನೂ.

ಮೇಲೆ ಹೋಗಿ ಪಕ್ಕದಲ್ಲಿ ನಿಂತಾಗ ಶಿವಲೀಲಾ ಒಮ್ಮೆ ನನ್ನನ್ನು, ಒಮ್ಮೆ ಸೈಕಲ್ಲನ್ನು ನೋಡಿದಳು. "ಸೊಂಟ ವಾಲಾಕತ್ತಿದ್ದಿಲ್ಲ ನೋಡ್ರಿ, ಬ್ಯಾರೆ ಯಾರೋ ಅಂತ ದಾಟಿ ಬಂದೆ" ಎಂದವಳೇ ನಾಲಿಗೆ ಕಚ್ಚಿಕೊಂಡಳು.

ಗುರುತು ಸಿಗಲಿ ಎಂದು ಮುಂದಿನ ಭಾನುವಾರ ಕೆಂಪು ಅಂಗಿ ಹಾಕಿಕೊಂಡು ಬರಲು ಹೇಳಿದ್ದಾಳೆ. ನಾನು ಹಾಕಿಕೊಳ್ಳುವುದಿಲ್ಲ. ಇನ್ನು ಮೇಲೆ ದಾಟುವಾಗ ಅವಳೇ ತಿರುಗಿ ನನ್ನ ಮುಖ ನೋಡಲಿ.