ಉಪ್ಪು ಹೂತಿಟ್ಟ ಅಂಗಳ

ಅಂಕೋಲೆಯ ನಮ್ಮ ಹಳೆಯ ಕೇರಿಯಲ್ಲಿ ಪುರಸಭೆಯವರು ಚರಿತ್ರೆಯ ಗುರುತು ಹೇಳುವ ಫಲಕಗಳನ್ನು ನೆಡುತ್ತಾರೆಂದು ನನಗೆ ತಿಳಿಸಿದವರು ಮಲ್ಲಾಪುರದ ಶಾಲೆಯಲ್ಲಿ ನನ್ನ ಜೊತೆ ಕಲಿಸುತ್ತಿದ್ದ ಮಾಸ್ತರರು. ಅವರದೂ ಅದೇ ಕೇರಿ. ನಮ್ಮ ಮನೆಯಾಚೆ ಅವರ ಅಜ್ಜ ಕಟ್ಟಿಸಿದ ಮಾಳಿಗೆ ಮನೆ. ಫಲಕಕ್ಕೆ ಬರೆದುಕೊಡುವ ಕೆಲಸ ಅವರಿಗೆ ಸಿಕ್ಕಿತ್ತು. ಕೆಲಸಕ್ಕಾಗಿ ಕಾರವಾರದಲ್ಲಿ ಮನೆ ಮಾಡಿ, ಅಲ್ಲಿಂದ ಹನ್ನೊಂದು ವರ್ಷ ಒಂದೇ ಬಸ್ಸಿನಲ್ಲಿ ಶಾಲೆಗೆ ಓಡಾಡಿದವರು ನಾವು. "ಅಕ್ಕೋರೆ, ನಿಮ್ಮತ್ತೆ ಹತ್ರ ಒಂದ್ಸಲ ಮಾತಾಡ್ಬೇಕಲ್ಲ" ಎಂದಾಗ ನಾನೇ ಊರ ಮನೆಗೆ ಕರೆದೊಯ್ದೆ.

ಸೋದರತ್ತೆಗೆ ಆಗಲೇ ಎಂಬತ್ತು ದಾಟಿತ್ತು. ಹೊರಗಿನವರೆದುರು ಬಾಯಿ ಬಿಡುವವಳಲ್ಲ. ನಾನು ಪಕ್ಕದಲ್ಲಿ ಕೂತಿದ್ದಕ್ಕೆ ಹೇಳಿದಳು. ಬ್ರಿಟಿಷರ ಕಾಲದಲ್ಲಿ, ಊರವರು ಕಾಯ್ದೆ ಮುರಿದು ಮಾಡಿದ ಉಪ್ಪನ್ನು ಅವಳ ತಾಯಿ, ಅಂದರೆ ನಮ್ಮಜ್ಜಿ, ಅಂಗಳದಲ್ಲಿ ಗುಂಡಿ ತೋಡಿ ಹೂತು, ಮೇಲೆ ಚಾಪೆ ಹಾಸಿ ಮೀನು ಒಣಹಾಕಿದ್ದಳು. ಪೊಲೀಸರು ಎಷ್ಟು ಗದರಿದರೂ ಚಾಪೆ ಬಿಟ್ಟು ಏಳಲಿಲ್ಲ. ಲಾಠಿ ಬಿದ್ದ ಬಲಗೈಯ ಎರಡು ಬೆರಳು ಸಾಯುವ ತನಕ ಮಡಚಲಿಲ್ಲ. ಮಾಸ್ತರರು ಎಲ್ಲವನ್ನೂ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡರು. ಹೊರಡುವಾಗ ಅತ್ತೆಯ ಕಾಲು ಮುಟ್ಟಿದರು.

ಮಳೆಗಾಲ ಕಳೆದು ಫಲಕ ಬಂತು. ಅತ್ತೆ ಕಪಾಟಿನಲ್ಲಿಟ್ಟಿದ್ದ ಸೀರೆ ಉಟ್ಟು ನನ್ನ ಕೈ ಹಿಡಿದು ಬಂದಳು. ಫಲಕ ನಿಂತಿದ್ದು ಮಾಳಿಗೆ ಮನೆಯ ಗೇಟಿನ ಪಕ್ಕ. ಅವಳಿಗೆ ಓದು ಬಾರದು.

"ಓದು ಮಗಾ" ಎಂದಳು.

ಎರಡನೆಯ ಸಾಲಿಗೇ ನಿಲ್ಲಿಸಿ, ಉಳಿದದ್ದನ್ನು ಮನಸ್ಸಿನಲ್ಲೇ ಓದಿಕೊಂಡೆ. ಉಪ್ಪು ಹೂತದ್ದು ಆ ಮನೆಯ ಅಂಗಳದಲ್ಲಂತೆ. ಲಾಠಿ ಏಟು ತಿಂದದ್ದು ಮಾಸ್ತರರ ಅಜ್ಜನಂತೆ. ಒಣಮೀನಿನ ಚಾಪೆಯ ಮಾತನ್ನು ಮಾತ್ರ ಹಾಗೇ ಇಟ್ಟಿದ್ದರು. ಆ ಅಂಗಳದಲ್ಲಿ ಯಾರೂ ಎಂದೂ ಮೀನು ಒಣಗಿಸಿದವರಲ್ಲ. ಬೇರೇನಾದರೂ ಓದಿಬಿಡಲೇ ಅನ್ನಿಸಿತು. ಮನಸ್ಸಾಗಲಿಲ್ಲ, ಇದ್ದದ್ದನ್ನೇ ಓದಿದೆ.

ಅತ್ತೆ ಕೊನೆಯ ತನಕ ಕೇಳಿದಳು. ಆಮೇಲೆ, "ಹಂಗಾರೆ ನಮ್ಮವ್ವಿ ಕೈಗೆ ಎಂತಾಗಿತ್ತು?" ಎಂದು ಕೇಳಿದಳು.

ಮರುದಿನ ಬಸ್ಸಿನಲ್ಲಿ ಮಾಸ್ತರರನ್ನು ಕೇಳಿದೆ. ಅವರು ಕಿಟಕಿಯಾಚೆ ನೋಡುತ್ತ, "ನಿಮ್ಮ ಹಂಚಿನ ಮನೆ ಕೆಡವಿ ತಾರಸಿ ಮನೆ ಆಯ್ತು. ಜನ ಬಂದ್ರೆ ತೋರ್ಸೂಕೆ ಒಂದು ಹಳೇ ಮನೆ ಬೇಕಲ್ಲ ಅಕ್ಕೋರೆ. ಕೇರಿ ಹೆಸರು ಉಳೀತಲ್ಲ, ಸಾಕು" ಎಂದರು.

"ಆ ರೆಕಾರ್ಡ್ ಕೊಡಿ."

"ಅದು ಡಿಲೀಟ್ ಆಗ್ಹೋಯ್ತು."

ನಾನು ಎದ್ದು ಹಿಂದಿನ ಸೀಟಿಗೆ ಹೋದೆ. ಆಮೇಲೆ ಅವರ ಪಕ್ಕ ಕೂತಿಲ್ಲ.

ಫಲಕ ತಿದ್ದಿಸಬೇಕೆಂದು ಪುರಸಭೆಗೆ ಅರ್ಜಿ ಕೊಟ್ಟೆ. ದಾಖಲೆ ತನ್ನಿ ಎಂದರು. ನಮ್ಮಲ್ಲಿ ಅಜ್ಜಿಯ ಒಂದು ಫೋಟೋ ಕೂಡ ಇರಲಿಲ್ಲ. ಫಲಕ ಹಾಗೇ ನಿಂತಿದೆ.

ದೀಪಾವಳಿಗೆ ತಮ್ಮನ ಮಗಳು ಆ ಕತೆ ಹೇಳೆಂದು ಕೂತಾಗ ಅತ್ತೆ, "ನಂಗೆ ನೆನ್ಪಿಲ್ಲ ತಂಗಿ" ಎಂದು ಗೋಡೆಯ ಕಡೆ ತಿರುಗಿ ಮಲಗಿದಳು. ಅವಳಿಗೆ ಎಲ್ಲ ನೆನಪಿದೆ. ಮಾಸ್ತರರನ್ನು ಕರೆತಂದವಳು ನೀನೇ ಎಂದು ಅವಳು ಒಂದು ದಿನವೂ ನನಗೆ ಅನ್ನಲಿಲ್ಲ. ಆದರೆ ಅಂದಿನಿಂದ ನನ್ನೆದುರು ಅವ್ವಿಯ ಮಾತೆತ್ತಿಲ್ಲ.